ಹಿಂದುಮುಂದಾದ ಅಟ್ಟೆ

ಹನ್ನೆರಡು ಜೊತೆ ಬಟ್ಟೆ ಜೋಡು ಹೊಲಿಯುವುದಕ್ಕೆ ವೋಯ್ಕಾಗೆ ಒಂದಿಡೀ ಚಳಿಗಾಲ ಹಿಡಿದಿತ್ತು. ಮೇಲೆ ಕರಿ ಮಖಮಲ್ಲು. ಕೆಳಗಿನ ಅಟ್ಟೆಗೆ ಮನೆಯ ಹಳೇ ಚಿಂದಿ, ಒಂದರ ಮೇಲೊಂದು ಹತ್ತು ಪದರ, ಮೇಣ ಸವರಿದ ದಾರದ ಬಿಗಿ ಹೊಲಿಗೆ. ದ್ರೆಜ್ನಿತ್ಸಾ ಊರಿನಲ್ಲಿ ಜೋಡು ಹೊಲಿಯುವುದೇ ಹೀಗೆ. ಈ ಸಲ ಮಾತ್ರ ಅವಳು ಅಟ್ಟೆಯನ್ನು ತಿರುಗಿಸಿ ಹೊಲಿದಿದ್ದಳು. ಬೆರಳಿನ ಕೆಳಗೆ ಹಿಮ್ಮಡಿಯ ಆಕಾರ, ಹಿಮ್ಮಡಿಯ ಕೆಳಗೆ ಬೆರಳಿನ ಆಕಾರ. ತೊಟ್ಟವಳು ಹತ್ತಿರ ಬರುತ್ತಿದ್ದರೂ ನೆಲದ ಗುರುತು ದೂರ ಹೋಗುತ್ತಿರುತ್ತದೆ.

ಕ್ರಿವೊಪೇತಾಗಳ ಪಾದ ಇದ್ದದ್ದೇ ಹಾಗೆ. ಕ್ರನ್ ಬೆಟ್ಟದ ಗವಿಗಳ ಕಾಡುಹೆಂಗಸರು ಅವರು. ಬೀನ್ಸ್ ಯಾವಾಗ ಬಿತ್ತಬೇಕು, ಹುಲ್ಲು ಯಾವಾಗ ಕೊಯ್ಯಬೇಕು ಅಂತ ಬಂಡೆಯ ಮೇಲೆ ನಿಂತು ಕೆಳಗಿನ ಊರಿಗೆ ಕೂಗಿ ಹೇಳುತ್ತಿದ್ದವರು. ರಾಜಧಾನಿ ಲ್ಯುಬ್ಲ್ಯಾನಾದಿಂದ ಬಂದ ವಸ್ತ್ರವಿನ್ಯಾಸಕಿ ಕ್ಲೌದಿಯಾ ನವೆಂಬರಿನಲ್ಲಿ ವೋಯ್ಕಾಳ ಅಡುಗೆಮನೆಯಲ್ಲಿ ಕೂತು, ಆಲೂಗಡ್ಡೆ-ಚೀಸಿನ ಫ್ರಿಕಾ ಎರಡು ತಟ್ಟೆ ತಿಂದು, ಈ ಕಥೆ ಕೇಳಿ ಕಣ್ಣೊರೆಸಿಕೊಂಡಿದ್ದಳು. "ನೆಲಕ್ಕೆ ಹಿಟ್ಟು ಚೆಲ್ಲಿಸ್ತೀನಿ ಅಕ್ಕಾ, ಹೆಜ್ಜೆ ಎಲ್ಲರಿಗೂ ಕಾಣಬೇಕು" ಅಂದಿದ್ದಳು.

ಇವತ್ತು ತೋಲ್ಮಿನ್ ಪೇಟೆಯ ಸಭಾಂಗಣದಲ್ಲಿ ಕ್ಲೌದಿಯಾಳ ಉಡುಪಿನ ಪ್ರದರ್ಶನದ ತಾಲೀಮು. ಬೆಳಗಿನ ಪಾಳಿ ಮುಗಿಸಿ, ಮಕ್ಕಳಿಬ್ಬರನ್ನೂ ಪಕ್ಕದ ಮನೆಗೆ ಬಿಟ್ಟು, ವೋಯ್ಕಾ ಬಸ್ಸು ಹಿಡಿದು ಬಂದಿದ್ದಳು. ಹನ್ನೆರಡು ಹುಡುಗಿಯರು ಹಿಟ್ಟಿನ ಮೇಲೆ ನಡೆದರು. ಎದುರಿಗೆ ಬಂದರು, ಹೆಜ್ಜೆಗಳು ಹಿಂದಕ್ಕೆ ಹೋದವು. ಮೈ ಜುಮ್ಮೆಂದಿತು.

ಆಗ ಮೂಲೆಯಿಂದ ಚರ್ಮದ ಕೋಟಿನ ಬೇಟೆಗಾರನೊಬ್ಬ ನುಗ್ಗಿದ. ಜೀವಾ ಎಂಬ ಕೊನೆಯ ಹುಡುಗಿಯ ಕೂದಲನ್ನು ಮುಂಗೈಗೆ ಸುತ್ತಿಕೊಂಡು ದರದರ ಎಳೆದ. ಅವಳು ಅವನ ಕಾಲಬುಡಕ್ಕೆ ಬಿದ್ದು, ತಲೆಯೆತ್ತಿ ನಕ್ಕಳು. ದೀಪ ಆರಿತು. ಕ್ಲೌದಿಯಾ ಚಪ್ಪಾಳೆ ತಟ್ಟಿದಳು.

"ಏನಿದು?" ಅಂದಳು ವೋಯ್ಕಾ.

"ಕೊನೇ ದೃಶ್ಯ ಅಕ್ಕಾ. ನಿನ್ನೆ ಹೊಳೀತು. ಹೇಗಿದೆ?"

"ಅವಳು ಹೇಗೆ ಸಿಕ್ಕಿದ್ಲು ಅವನಿಗೆ?"

"ಹೆಜ್ಜೆ ನೋಡ್ಕೊಂಡು ಬಂದ."

"ಆ ಹೆಜ್ಜೆ ನೋಡ್ಕೊಂಡು ಹೋಗಿದ್ರೆ ಇಷ್ಟೊತ್ತಿಗೆ ಗಡಿ ದಾಟಿ ಇಟಲಿ ಸೇರಿರ್ತಿದ್ದ! ಆ ಪಾದ ಇರೋದೇ ಯಾರ ಕೈಗೂ ಸಿಗಬಾರದು ಅಂತ ಕಣೇ."

"ಜನಕ್ಕೆ ಪ್ರೀತಿ ಬೇಕಲ್ವಾ ಅಕ್ಕಾ."

"ಜುಟ್ಟು ಹಿಡಿದು ಎಳೆಯೋದು ಪ್ರೀತಿನಾ? ನಿಮ್ಮ ಲ್ಯುಬ್ಲ್ಯಾನಾದಲ್ಲಿ ಹೀಗೇನಾ ಮದುವೆ ಆಗೋದು?"

ದೀಪದ ಹುಡುಗರು ಕಿಸಕ್ಕೆಂದರು. ಕ್ಲೌದಿಯಾಳ ಮುಖ ಕೆಂಪಾಯಿತು. "ನೀವು ಜೋಡು ಹೊಲಿದಿದ್ದೀರಿ, ಚೆನ್ನಾಗೇ ಹೊಲಿದಿದ್ದೀರಿ. ಕಥೆ ನನಗೆ ಬಿಡಿ."

ಕಥೆ ನನಗೆ ಬಿಡಿ! ಈ ಕಥೆ ವೋಯ್ಕಾಗೆ ಹೇಳಿದವಳು ಅವಳ ಅಜ್ಜಿ. ಗಂಡಸರು ನಾಯಿ ಕಟ್ಟಿಕೊಂಡು ಚಳಿಗಾಲವಿಡೀ ತಪ್ಪು ದಿಕ್ಕಿಗೆ ಅಲೆದರು ಅನ್ನುವಲ್ಲಿಗೆ ಬಂದಾಗ ಅಜ್ಜಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಬೇರೆ ಯಾವುದಕ್ಕೂ ಅವಳು ನಕ್ಕದ್ದಿಲ್ಲ. ಅಜ್ಜಿಯ ತಲೆಯ ಎಡಗಡೆ ಅಂಗೈಯಗಲ ಜಾಗದಲ್ಲಿ ಕೂದಲಿರಲಿಲ್ಲ. ಆ ಜಾಗ ಮುಚ್ಚುವ ಹಾಗೆ ತಲೆಗೆ ವಸ್ತ್ರ ಕಟ್ಟಿಕೊಳ್ಳುತ್ತಿದ್ದಳು. ತಾತ ಇರುವ ತನಕ ಅದರ ಬಗ್ಗೆ ಮನೆಯಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ.

"ಆ ಎಳೆಯೋದನ್ನ ತೆಗೀತೀಯೋ ಇಲ್ವೋ?"

"ಇಲ್ಲ. ನಾಳೆ ಪ್ರದರ್ಶನ."

ವೋಯ್ಕಾ ಚೀಲದಿಂದ ಕತ್ತರಿ ತೆಗೆದು ಜೀವಾಳ ಮುಂದೆ ಮಂಡಿಯೂರಿದಳು. "ಕಾಲು ಕೊಡು ಮಗಳೇ."

"ಅಕ್ಕಾ! ತಲೆ ಕೆಟ್ಟಿದೆಯಾ ನಿಮಗೆ?" ಕ್ಲೌದಿಯಾ ಕಿರುಚಿದಳು.

ಜೀವಾ ಅವಳ ಕಡೆ ನೋಡಲಿಲ್ಲ. ನೆತ್ತಿ ಉಜ್ಜಿಕೊಳ್ಳುತ್ತಾ ಕಾಲು ಚಾಚಿದಳು. "ಐದು ಸಲ ಎಳೆಸಿದ್ರು ಆಂಟಿ. ಇನ್ನೂ ಉರೀತಿದೆ" ಅಂದಳು ಮೆಲ್ಲಗೆ.

ಕಚ್ ಕಚ್ ಅಂತ ದಾರ ಕಡಿದುಬಿತ್ತು, ಮಖಮಲ್ಲಿನಿಂದ ಅಟ್ಟೆ ಕಳಚಿತು. ಚಳಿಗಾಲವಿಡೀ ಬೆರಳು ಚುಚ್ಚಿಸಿಕೊಂಡು ಹಾಕಿದ ಹೊಲಿಗೆ ತನ್ನ ಕೈಯಲ್ಲೇ ಹರಿಯುವಾಗ ವೋಯ್ಕಾಳ ಹಲ್ಲು ತಾನಾಗಿ ಕಚ್ಚಿಕೊಂಡಿತ್ತು. ಒಬ್ಬೊಬ್ಬಳಾಗಿ ಹುಡುಗಿಯರು ಬಂದರು. ಒಬ್ಬಳು ಮಾತ್ರ ಹಿಂದೆ ನಿಂತು ಅಳುಮುಖ ಮಾಡಿದಳು: "ನಂಗಿದು ಮೊದಲನೇ ಪ್ರದರ್ಶನ ಆಂಟಿ."

"ಆ ಜೋಡು ಹೊಲಿಯೋಳು ಕಿತ್ಕೊಂಡ್ಲು ಅಂತ ಹೇಳು. ಬಿಚ್ಚಿಕೊಡು."

ಬಿಚ್ಚಿಕೊಟ್ಟಳು.

ವೋಯ್ಕಾ ಮಖಮಲ್ಲಿನ ತುಂಡುಗಳನ್ನು ಕ್ಲೌದಿಯಾಳ ಮೇಜಿನ ಮೇಲೆ ರಾಶಿ ಹಾಕಿದಳು. "ಇದು ನೀನು ತಂದುಕೊಟ್ಟಿದ್ದು, ಇಟ್ಕೋ ತಾಯೀ. ಪಾದ ನಮ್ಮದು."

"ನಾಳೆ ಇವರಿಗೆ ಹೈಹೀಲ್ಸ್ ಹಾಕಿಸ್ತೀನಿ! ದೃಶ್ಯ ಇದ್ದೇ ಇರುತ್ತೆ!"

"ಹಾಕಿಸು. ಅದನ್ನ ಹಾಕ್ಕೊಂಡವಳನ್ನ ಯಾವನು ಬೇಕಾದ್ರೂ ಹಿಡೀತಾನೆ. ಅವಳನ್ನ ಕ್ರಿವೊಪೇತಾ ಅಂತ ಮಾತ್ರ ಕರೀಬೇಡ."

ಹಿಟ್ಟು ತುಳಿದುಕೊಂಡೇ ಅವಳು ಹೊರಗೆ ನಡೆದಳು. ಬಸ್ಸು ಬರಲು ಇನ್ನೂ ಮುಕ್ಕಾಲು ಗಂಟೆಯಿತ್ತು. ನಿಲ್ದಾಣದ ಬೆಂಚಿನ ಮೇಲೆ ಕೂರಲಾಗಲಿಲ್ಲ. ಅಟ್ಟೆಗಳ ಚೀಲವನ್ನು ಹೆಗಲಿಗೇರಿಸಿಕೊಂಡು, ಅತ್ತಿಂದಿತ್ತ ಧಪಧಪ ನಡೆಯುತ್ತಲೇ ಇದ್ದಳು.