ನಲವತ್ತನೆಯ ಹಾಜರಿ

ಹನ್ನೊಂದು ಗಂಟೆಗೆಲ್ಲ ವಿಮಲಮ್ಮನ ಫ್ಲಾಸ್ಕಿನಲ್ಲಿ ಕಾಫಿ ತಳ ಕಂಡಿತ್ತು. ಹುಣಸೂರಿನಿಂದ ಮೊದಲ ಬಸ್ಸು, ಹ್ಯಾಂಡ್‌ಪೋಸ್ಟ್‌ನಲ್ಲಿ ಇಳಿದು ಮೂರು ಮೈಲಿ ಒಳಕ್ಕೆ ಆಟೋ ಸಿಕ್ಕರೆ ಆಟೋ, ಇಲ್ಲದಿದ್ದರೆ ಕಾಲ್ನಡಿಗೆ. ನಸುಕಿನ ನಾಲ್ಕಕ್ಕೆ ಏಳುವ ದೇಹ ಕಾಫಿಯಿಲ್ಲದೆ ನಿಲ್ಲುತ್ತಿರಲಿಲ್ಲ. ಶಾಲೆ ಶುರುವಾದ ಹೊಸತರಲ್ಲಿ ಚಾಕ್‌ಪೀಸೆಂದು ಪೆನ್ನು ಹಿಡಿದು ಬೋರ್ಡಿಗೆ ಹೋಗಿದ್ದಳು. ಹೊಸ ಮೊಬೈಲನ್ನು ಡಸ್ಟರಿನ ಡಬ್ಬದಲ್ಲಿಟ್ಟು, ಅದು ಅಲ್ಲೇ ಬಡಿದುಕೊಳ್ಳುತ್ತಿದ್ದರೂ ಚೀಲವನ್ನೆಲ್ಲ ಹುಡುಕಿದ್ದಳು. ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನಕ್ಕಿದ್ದರು. ಈಚೆಗೆ ಅವರು ನಗುತ್ತಿರಲಿಲ್ಲ. ಅದನ್ನು ಅವಳು ಗಮನಿಸಿದ್ದರೂ ಯಾಕೆಂದು ಕೇಳಿರಲಿಲ್ಲ.

ಅಂದು ಹತ್ತನೇ ತರಗತಿ ‘ಬಿ’ ವಿಭಾಗದ ಪರೀಕ್ಷಾರ್ಥಿಗಳ ಪಟ್ಟಿಯನ್ನು ಶಾಲೆಗೆ ಹೊಸದಾಗಿ ಬಂದಿದ್ದ ಕಂಪ್ಯೂಟರಿನಲ್ಲಿ ಟೈಪು ಮಾಡಿ, ಫ್ಲಾಪಿಗೆ ಹಾಕಿ, ಸಂಜೆಯೊಳಗೆ ತಾಲ್ಲೂಕು ಕೇಂದ್ರ ಕೋಟೆಯ ಶಿಕ್ಷಣ ಕಚೇರಿಗೆ ಮುಟ್ಟಿಸಬೇಕಿತ್ತು. ಹೆಸರುಗಳು ನಲವತ್ತು. ಕೊನೆಯದು ಪುಟ್ಟಸಿದ್ದಮ್ಮ.

ಪುಟ್ಟಸಿದ್ದಮ್ಮ ಜೂನ್ ಹನ್ನೆರಡರಿಂದ ಶಾಲೆಗೆ ಬಂದಿರಲಿಲ್ಲ. ಮನೆಯವರೆಲ್ಲ ಕೊಡಗಿನ ಕಾಫಿ ತೋಟಕ್ಕೆ ಕೆಲಸಕ್ಕೆ ಹೋಗಿದ್ದರು. ಹೋಗುವ ಮುನ್ನ ಅವಳ ತಾಯಿ ಮಲ್ಲಾಜಮ್ಮ ಬಂದು, ‘ಗೌರಿ ಹಬ್ಬ ಕಳೀತಲೇ ಕಳಿಸ್ತೀನಿ, ಎಸ್ರು ಮಾತ್ರ ಒಡೀಬ್ಯಾಡಿ ಮೇಡಮ್ನೋರೆ’ ಎಂದು ಕಾಗದದ ಪೊಟ್ಟಣದಲ್ಲಿ ಹಿಂದಿನ ವರ್ಷ ತಂದಿದ್ದ ತೋಟದ ಕಾಫಿ ಪುಡಿ ಕೊಟ್ಟು ಹೋಗಿದ್ದಳು. ಹೆಡ್ಮಾಸ್ಟರು ಮಹದೇವಯ್ಯನವರ ಲೆಕ್ಕವೂ ಅದೇ: ಸಂಖ್ಯೆ ನಲವತ್ತರ ಕೆಳಗಿಳಿದರೆ ‘ಬಿ’ ವಿಭಾಗವನ್ನು ‘ಎ’ಗೆ ಸೇರಿಸುತ್ತಾರೆ, ವಿಮಲಮ್ಮ ಹೆಚ್ಚುವರಿ ಶಿಕ್ಷಕಿಯೆನಿಸಿ ಯಾವ ತಾಲ್ಲೂಕಿಗೋ ಹೋಗಬೇಕು. ಹಾಗಾಗಿ ಆರು ತಿಂಗಳು ದಿನಕ್ಕೆರಡು ಸಲ ಆ ಹೆಸರಿನ ಮುಂದೆ ಹಾಜರಿ ಬೀಳುತ್ತಿತ್ತು. ಹೆಸರು ಕೂಗಿದಾಗ ಯಾರೋ ‘ಪ್ರೆಸೆಂಟ್ ಮಿಸ್’ ಅನ್ನುತ್ತಿದ್ದರು. ಗೆಳತಿಯೊಬ್ಬಳ ಕೆಲಸವೆಂದುಕೊಂಡು ವಿಮಲಮ್ಮ ತಲೆಯೆತ್ತಿ ನೋಡುವ ಗೋಜಿಗೆ ಹೋಗಿರಲಿಲ್ಲ.

ಊಟದ ಗಂಟೆ ಹೊಡೆಯುವ ಮೊದಲು ಮಲ್ಲಾಜಮ್ಮ ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಹಿಂದಿನ ಸಂಜೆಯ ಬಸ್ಸಿಗೆ ಊರಿಗೆ ಬಂದವಳು.

‘ಬಾರಮ್ಮ. ಮಗಳೆಲ್ಲಿ? ಪರೀಕ್ಷೆ ಕಟ್ಟಬೇಕಲ್ಲ.’

‘ಆಷಾಢದಾಗೇ ಓದ್ಲು ಕಣವ್ವ. ಮೂರೇ ದಿನದ ಜ್ವರ. ತೋಟದಾಳುಗಳ ಲೈನ್ ಮನೆ ಹಿಂದ್ಲ ದಿಣ್ಣೇಲಿ ಮಣ್ಣು ಮಾಡುದ್ವಿ.’

ವಿಮಲಮ್ಮನ ಕೈಲಿದ್ದ ಫ್ಲಾಸ್ಕಿನ ಮುಚ್ಚಳ ವಾಲಿ, ಉಳಿದಿದ್ದ ನಾಲ್ಕು ಹನಿ ಕಾಫಿ ಕೀಬೋರ್ಡಿನೊಳಕ್ಕೆ ಇಳಿಯಿತು.

‘ಸತ್ತಿದ್ದು ಬರುಸ್ಬೇಕು ಅಂತ ಪಂಚಾಯ್ತಿಗೆ ಓದೆ. ನಿನ್ ಮಗಳು ದಿನಾ ಸ್ಕೂಲಿಗೆ ಬತ್ತಾವ್ಳಲ್ಲ, ಆಜ್ರಿ ಪುಸ್ತಕದಾಗೈತೆ ಅಂದ್ರು. ತೋಟದೋರ್ನ ಕೇಳುದ್ರೆ ಅಂಥೋಳು ನಮ್ಮಲ್ಲಿ ಇರ್ನೇ ಇಲ್ಲ ಅಂತಾರೆ.’ ಮಲ್ಲಾಜಮ್ಮ ಅಳುತ್ತಿರಲಿಲ್ಲ. ಬಸ್ಸಿನ ಹೊತ್ತು ಹೇಳುವವಳಂತೆ ಹೇಳುತ್ತಿದ್ದಳು. ‘ಸತ್ಲು ಅಂತ ಬರೀದಿದ್ರೆ ಅವ್ಳಿಗೆ ನೆಲೆ ಇಲ್ಲ ಕಣವ್ವ. ದಿನಾ ಕನಸ್ನಾಗೆ ಬಂದು ಒತ್ತಾಯ್ತು, ಮಿಸ್ಸು ಕೂಗ್ತಾವ್ರೆ ಅಂತಾಳೆ. ನಾನೇ ಒಡೀಬ್ಯಾಡಿ ಅಂದಿದ್ದೆ. ಈಗ ನಾನೇ ಏಳ್ತೀನಿ, ಎಸ್ರು ಒಡ್ದುಬುಡಿ.’

‘ಸ್ವಲ್ಪ ಇರಮ್ಮ, ಹೆಡ್ಮಾಸ್ಟರನ್ನ ಕೇಳಿ ಬರ್ತೀನಿ.’

ಮಹದೇವಯ್ಯನವರು ಕೇಳಿ ಕನ್ನಡಕ ತೆಗೆದರು. ‘ಪಾಪ ಕಣ್ರೀ. ಆದ್ರೆ ಆರು ತಿಂಗಳ ಸುಳ್ಳು ಹಾಜರಿ ಅಂತ ನೀವೇ ಬರ್ಕೊಟ್ರೆ ವರ್ಗ ಅಷ್ಟೇ ಅಲ್ಲ, ನೋಟೀಸೂ ಬರ್ತದೆ. ಇವತ್ತಿಗೆ ಬರೀ ಪಟ್ಟಿಯಿಂದ ತೆಗೀರಿ. ಪುಸ್ತಕದ ಮಾತು ಆಮೇಲೆ ನೋಡೋಣ.’

ಅವಳು ಹಿಂದಿರುಗಿ ನಲವತ್ತನೆಯ ಸಾಲನ್ನು ಅಳಿಸಿದಳು. ಕರೆಂಟು ಹೋಯಿತು. ಬಂದ ಮೇಲೆ ಪಟ್ಟಿ ತೆರೆದರೆ ನಲವತ್ತೂ ಹೆಸರು ಹಾಗೇ ಇದ್ದವು. ಸೇವ್ ಮಾಡಿರಲಿಲ್ಲ, ಅಷ್ಟೇ, ಅಂದುಕೊಂಡಳು. ಎರಡನೇ ಸಲ ಅಳಿಸಿ ಸೇವ್ ಮಾಡಿದಳು. ಕಾಫಿ ಕುಡಿದ ಕೀಬೋರ್ಡಿನ ಯಾವ ಕೀಲಿ ಅಂಟಿಕೊಂಡಿತೋ, ಅಳಿದ ಸಾಲು ಒಂದೊಂದೇ ಅಕ್ಷರವಾಗಿ ಹಿಂದಕ್ಕೆ ಬಂತು. ಪರದೆಯ ಎದುರು ಅವಳ ಎರಡೂ ಕೈ ಮಡಿಲಲ್ಲಿದ್ದವು.

ಬಾಗಿಲಲ್ಲಿ ಕೂತಿದ್ದ ಮಲ್ಲಾಜಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಅವಳು ಪರದೆಯನ್ನೇ ನೋಡುತ್ತಿದ್ದಳು.

ಮಧ್ಯಾಹ್ನದ ಹಾಜರಿಗೆ ಗಂಟೆ ಹೊಡೆಯಿತು. ವಿಮಲಮ್ಮ ಪುಸ್ತಕ ಎತ್ತಿಕೊಂಡು ತರಗತಿಗೆ ನಡೆದಳು. ಮಲ್ಲಾಜಮ್ಮ ಹಿಂದೆಯೇ ಬಂದು ಹೊಸಿಲಾಚೆ ನಿಂತಳು. ವಿಮಲಮ್ಮ ಪುಸ್ತಕ ತೆರೆಯದೆ ಕೇಳಿದಳು, ‘ಪುಟ್ಟಸಿದ್ದಮ್ಮನ ಹೆಸರಿಗೆ ದಿನಾ ಪ್ರೆಸೆಂಟ್ ಅನ್ನೋರು ಯಾರು? ಬಯ್ಯಲ್ಲ, ಹೇಳಿ.’

ಮುಂದಿನ ಬೆಂಚಿನ ಅನುಶ್ರೀ ನಿಂತು ಬೆರಳು ಹಿಸುಕಿಕೊಂಡಳು.

‘ಯಾರೂ ಅನ್ನಲ್ಲ ಮಿಸ್. ನೀವೇ ಕೂಗ್ತೀರಿ, ನೀವೇ ಅಂತೀರಿ.’

‘ನಾನಾ?’

‘ಊಂ ಮಿಸ್. ಅವ್ಳ ದನೀಲಿ. ಮೊದ್ಲು ತಮಾಷೆಗೆ ಅನ್ಕೊಂಡು ನಗ್ತಿದ್ವಿ.’ ಕುಳಿತುಕೊಳ್ಳುತ್ತ ಸಣ್ಣಗೆ ಸೇರಿಸಿದಳು, ‘ಆಷಾಢದಿಂದ ನಗಲ್ಲ ಮಿಸ್. ಆಗ್ಲಿಂದ ನಿಮ್ ಬಾಯಿ ಅಲ್ಲಾಡಲ್ಲ.’

ವಿಮಲಮ್ಮ ತನ್ನೊಳಗೇ ಕಾರಣ ಹುಡುಕಿದಳು. ನಿದ್ದೆಗೆಟ್ಟ ಕಣ್ಣು, ಖಾಲಿ ಹೊಟ್ಟೆ, ಬೆಳಗಿಂದ ಆರು ಲೋಟ ಕಾಫಿ. ಇವೆಲ್ಲ ಸೇರಿಯೂ ಇದಕ್ಕೆ ಸಾಲುತ್ತಿರಲಿಲ್ಲ. ಈ ಹೆಸರನ್ನು ಇನ್ನು ಒಂದು ದಿನವೂ ಪುಸ್ತಕದಲ್ಲಿಟ್ಟುಕೊಂಡು ತಾನು ಬದುಕಲಾರೆ ಅನ್ನಿಸಿತು. ವರ್ಗವಾಗಲಿ, ನೋಟೀಸು ಬರಲಿ. ಬಿಳಿ ಹಾಳೆ ತೆಗೆದು, ಜೂನ್ ಹನ್ನೆರಡರಿಂದ ಹಾಜರಿಯನ್ನು ತಾನೇ ಸುಳ್ಳಾಗಿ ಹಾಕಿದೆನೆಂದು ನಾಲ್ಕು ಸಾಲು ಬರೆದು ರುಜು ಮಾಡಿದಳು. ಆಮೇಲೆ ಪುಸ್ತಕ ತೆರೆದು ಕೆಂಪು ಪೆನ್ನಿನ ಮುಚ್ಚಳ ತೆಗೆದಳು.

‘ಮೇಡಮ್ನೋರೆ,’ ಮಲ್ಲಾಜಮ್ಮ ಹೊಸಿಲ ಆಚೆಯಿಂದಲೇ ಅಂದಳು. ‘ಒಡಿಯಾಕೆ ಮುಂಚೆ ಒಂದ್ ಸತಿ ಕೂಗಿ.’

ಬೇಡವೆನ್ನಲು ವಿಮಲಮ್ಮನಿಗೆ ಮುಖವಿರಲಿಲ್ಲ. ‘ಪುಟ್ಟಸಿದ್ದಮ್ಮ’ ಎಂದು ಕೂಗಿ, ಎಡಗೈಯಿಂದ ತನ್ನ ಬಾಯನ್ನು ಬಿಗಿಯಾಗಿ ಮುಚ್ಚಿಕೊಂಡಳು.

‘ಪ್ರೆಸೆಂಟ್ ಮಿಸ್.’

ಶೀತವಾದವಳ ಹಾಗೆ ತುಸು ಒಡೆದ ದನಿ. ಎಲ್ಲಿಂದ ಬಂತೆಂದು ತಿರುಗಿ ನೋಡಲು ಯಾವ ಹುಡುಗಿಯೂ ಕತ್ತು ತಿರುಗಿಸಲಿಲ್ಲ. ಮಲ್ಲಾಜಮ್ಮ ಮಾತ್ರ ತಲೆಯಾಡಿಸಿದಳು. ಬಾಗಿಲಿಗೆ ಅಡ್ಡವಾಗಿ ನಿಂತಿದ್ದವಳು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

‘ಸಾಕು ಬಾ ಮಗ,’ ಅಂದಳು. ‘ಓಗಾನ.’

ಕೊನೆಯ ಬೆಂಚಿನ ಹುಡುಗಿ ಕಾಲು ಒಳಗೆಳೆದುಕೊಂಡಳು. ಅವಳ ಮುಂದಿನವಳು ಎಳೆದುಕೊಂಡಳು. ಹಾಗೇ ಒಂದೊಂದೇ ಬೆಂಚು, ಸಾಲಿನ ಉದ್ದಕ್ಕೂ, ದಾರಿ ಬಿಡುವವರ ಹಾಗೆ, ಅನುಶ್ರೀಯವರೆಗೆ.

ವಿಮಲಮ್ಮ ಜೂನ್ ತಿಂಗಳ ಪುಟಕ್ಕೆ ಹೋಗಿ, ಹನ್ನೆರಡನೆಯ ತಾರೀಖಿನಿಂದ ಕೆಂಪು ಗೆರೆ ಎಳೆಯಲು ಶುರು ಮಾಡಿದಳು.