ಮೂರನೇ ಸಾಲಿನ ಮೌನ

ಆ ಮನೆಯ ಅಣ್ಣ ತಂಗಿಯರಲ್ಲಿ ಅಣ್ಣ ನಡೆಸುತ್ತಿದ್ದ ಸಂಗೀತ ಶಾಲೆಯಲ್ಲಿ ಹೊಸ ಮಕ್ಕಳಿಗೆ ಸ್ವರಕ್ಕಿಂತ ಮೊದಲು ಮೌನದ ಪಾಠವಾಗುತ್ತಿತ್ತು. ತೀರಿಕೊಂಡ ಅಪ್ಪನ ಹೆಸರಿನ ಶಾಲೆ ಅದು, ಅಪ್ಪನಿಗೆ ಹೆಸರು ತಂದದ್ದು ಅವರದೇ ರಚನೆ ಎನ್ನುವ ಒಂದು ಶಾಸ್ತ್ರೀಯ ಹಾಡು. ಬೇರೆ ಯಾರೂ ನಿಲ್ಲಿಸದ ಜಾಗಗಳಲ್ಲಿ ಆ ಹಾಡು ನಿಂತುಬಿಡುತ್ತದೆ. ಮೂರನೇ ಸಾಲಿನಲ್ಲಂತೂ ತಾಳ ಒಂದು ಸುತ್ತು ಖಾಲಿಯಾಗಿಯೇ ಓಡುತ್ತದೆ.

"ಸ್ವರ ಯಾರು ಬೇಕಾದ್ರೂ ಹಾಡ್ತಾರೆ. ನಮ್ಮಪ್ಪ ಮೌನ ಹಾಡಿದರು," ಎಂದು ಅಣ್ಣ ಕಣ್ಣು ಮುಚ್ಚಿ ಹೇಳುತ್ತಿದ್ದ. ಅವನು ಈ ಮಾತು ಎತ್ತಿದರೆ ಗೋಡೆಯ ಮೇಲಿನ ಪಿಟೀಲೂ ಆಕಳಿಸುತ್ತದೆ ಎಂದು ತಂಗಿ ನಗುತ್ತಿದ್ದಳು.

ತಂಗಿಯದು ತುಂಬು ದಮ್ಮಿನ ಗಂಟಲು. ಆ ಹಾಡು ಮಾತ್ರ ಅವಳಿಗೆ ಯಾವತ್ತೂ ಒಗ್ಗಿರಲಿಲ್ಲ. ನಿಲ್ಲಬೇಕಾದ ಕಡೆ ನಿಲ್ಲದೆ ಮುಂದಕ್ಕೆ ನುಗ್ಗಿ ಅಣ್ಣನ ಕೈಲಿ ಬೈಸಿಕೊಳ್ಳುತ್ತಿದ್ದಳು. ಈಗ ಅವಳು ಏಳು ತಿಂಗಳ ಬಸುರಿ. ಭಾನುವಾರ ಅಪ್ಪನ ನೆನಪಿನ ಕಾರ್ಯಕ್ರಮದಲ್ಲಿ ಅವಳೇ ಹಾಡಬೇಕಿತ್ತು.

ಅಭ್ಯಾಸಕ್ಕೆಂದು ಅಮ್ಮನ ಕೋಣೆಯಲ್ಲಿ ಕೂತಳು. ಅಮ್ಮ ಅವಳ ಅಂಗಿಯ ಹೊಲಿಗೆ ಬಿಚ್ಚಿ ಸಡಿಲ ಮಾಡುತ್ತಿದ್ದಳು. ಮೊದಲ ಸಾಲು ನಿಲ್ಲುವಲ್ಲಿಗೆ ಸರಿಯಾಗಿ ತಂಗಿಯ ಉಸಿರು ಮುಗಿಯಿತು. ಎರಡನೇ ಸಾಲಿಗೂ ಹಾಗೇ ಆಯಿತು. ಮೂರನೇ ಸಾಲಿನಲ್ಲಿ ಉಸಿರು ಹಿಡಿತಕ್ಕೆ ಬರಲು ಆ ಖಾಲಿ ಸುತ್ತು ಪೂರ್ತಿ ಬೇಕಾಯಿತು. ಅವಳು ಹಾಡು ನಿಲ್ಲಿಸಿದಳು.

"ಅಮ್ಮ, ಈ ಹಾಡು ಮಾಡಿದೋರು ಬಸುರಿ."

ಅಮ್ಮ ಸೂಜಿಗೆ ದಾರ ಪೋಣಿಸಿ ಮುಗಿಸಿದಳು. "ನಿಮ್ಮಪ್ಪ ಗಂಡಸು ಕಣೇ."

"ಅದಕ್ಕೇ ಕೇಳ್ತಿದೀನಿ."

ಅಮ್ಮ ಹೊಲಿಗೆಯನ್ನು ಮಡಿಲಿಗಿಟ್ಟುಕೊಂಡಳು. "ನಿಮ್ಮಣ್ಣ ಹೊಟ್ಟೇಲಿದ್ದ," ಎಂದಳು. "ಮೂರನೇ ಸಾಲಿಗೆ ಬಂದಾಗೆಲ್ಲ ಒದೀತಿದ್ದ. ನಿಲ್ಲಿಸದೆ ಏನು ಮಾಡ್ಲಿ?"

ತಂಗಿಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು. "ಅಪ್ಪ ತಮ್ಮದು ಅಂದುಬಿಟ್ರಾ?"

"ಅವರು ಹಾಗನ್ನಲಿಲ್ಲ. ನಾನು ಹೇಳಿಕೊಟ್ಟೆ, ಅವರು ಸಭೇಲಿ ಹಾಡಿದ್ರು. ಎಲ್ರೂ ಅವರದೇ ಅಂದ್ಕೊಂಡ್ರು. ಚಪ್ಪಾಳೆ ನಿಂತ ಮೇಲೆ ಹೇಳ್ತೀನಿ ಅಂತಿದ್ರು. ಅದು ನಿಲ್ಲಲೇ ಇಲ್ಲ ನೋಡು."

"ನಿಂಗೆ ಬೇಜಾರಾಗ್ಲಿಲ್ವಾ?"

"ಆಗದೆ ಇರುತ್ತಾ? ಒಂದ್ಸಲ ಪಕ್ಕದ ಮನೆಯವಳ ಹತ್ರ ಹೇಳಿದೆ. ಗಂಡನ ಹೆಸರಿಗೆ ಮಸಿ ಬಳೀತಾಳೆ ಅಂದ್ಲು. ಅವತ್ತೇ ಬಾಯಿಗೆ ಬೀಗ ಹಾಕ್ಕೊಂಡೆ."

"ಈಗ ಹೇಳೋಣವಾ?"

"ಹೇಳೋದಾದ್ರೆ ನಿಮ್ಮಣ್ಣ ಹೇಳ್ಲಿ. ಬೇಕು ಅಂತ ನಾನಾಗಿ ಕೇಳಲ್ಲ."

ಸಂಜೆ ಪಾಠ ಮುಗಿಸಿ ಚಾಪೆ ಸುತ್ತುತ್ತಿದ್ದ ಅಣ್ಣನಿಗೆ ತಂಗಿ ಎಲ್ಲವನ್ನೂ ಹೇಳಿದಳು. ಅವನ ಮುಖ ಬಿಗಿಯಾಯಿತು.

"ಅಪ್ಪನ ನೆನಪಿನ ದಿನವೇ ಅಪ್ಪನ್ನ ಸುಳ್ಳುಗಾರ ಮಾಡ್ಬೇಕಾ? ಆ ಹಾಡು ನಂಬ್ಕೊಂಡು ಮಕ್ಕಳು ಇಲ್ಲಿಗೆ ಬರ್ತಾರೆ. ಅಮ್ಮನೇ ಸುಮ್ಮನಿದ್ದಾಳೆ, ನಿಂದೇನು?"

"ಸುಮ್ಮನಿರೋ ಹಾಗೆ ಮಾಡಿದ್ದು ನಾವೆಲ್ಲ. ಅಪ್ಪನ ಹಾಡು ಅಂತ ಹೇಳಿದ್ರೆ ನಾನು ಹಾಡಲ್ಲ, ತಿಳ್ಕೋ. ಇನ್ನೊಂದು ಮಾತು. ಮೂರನೇ ಸಾಲಲ್ಲಿ ಅಪ್ಪನ ಮೌನ ಅಂತೀಯಲ್ಲ, ಅದು ನೀನು ಒದ್ದದ್ದು."

ಅಣ್ಣ ಅರ್ಧ ಸುತ್ತಿದ ಚಾಪೆಯ ಮೇಲೆ ಹಾಗೇ ಕೂತುಬಿಟ್ಟ.

ಭಾನುವಾರ ಸಭಾಂಗಣ ತುಂಬಿತ್ತು. ಅಮ್ಮ ಎಂದಿನಂತೆ ಬಾಗಿಲ ಪಕ್ಕದ ಕೊನೆಯ ಸಾಲಿನಲ್ಲಿ ಮಕ್ಕಳ ಚೀಲಗಳನ್ನು ಕಾಯುತ್ತ ಕೂತಿದ್ದಳು. ಅಣ್ಣ ಮೈಕಿನ ಮುಂದೆ ನಿಂತು ಎಂದಿನಂತೆ ಕಣ್ಣು ಮುಚ್ಚಿದ.

"ಸ್ವರ ಯಾರು ಬೇಕಾದ್ರೂ ಹಾಡ್ತಾರೆ..."

ವೇದಿಕೆಯ ಮೇಲೆ ಕೂತಿದ್ದ ತಂಗಿ ಎದ್ದು ಹೋಗಲು ನೆಲಕ್ಕೆ ಕೈ ಊರಿದಳು. ಅಷ್ಟರಲ್ಲಿ ಅಣ್ಣ ಮಾತು ನಿಲ್ಲಿಸಿ ಕಣ್ಣು ತೆರೆದ. ಕೊನೆಯ ಸಾಲಿನ ಕಡೆ ನೋಡಿದ.

"ಈ ಹಾಡು ನಮ್ಮಮ್ಮ ಮಾಡಿದ್ದು," ಎಂದ. "ಅಪ್ಪ ಅದನ್ನ ಹೇಳ್ಬೇಕಿತ್ತು, ಹೇಳಲಿಲ್ಲ. ಮೂರನೇ ಸಾಲಿನ ಮೌನದ ಬಗ್ಗೆ ನಾನು ನಿಮ್ಮ ತಲೆ ಬಹಳ ತಿಂದಿದೀನಿ. ಅಮ್ಮ ಅಲ್ಲಿ ಉಸಿರು ತಗೊಂಡದ್ದು ಅಷ್ಟೇ. ಒಳಗಿಂದ ನಾನು ಒದೀತಿದ್ದೆ."

ಜನ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಹಿಂದಕ್ಕೆ ತಿರುಗಿದರು. ಅಮ್ಮ ಮಡಿಲಿನಲ್ಲಿದ್ದ ಚೀಲವನ್ನು ಗಟ್ಟಿಯಾಗಿ ತಬ್ಬಿಕೊಂಡಳು.

ತಂಗಿ ಹಾಡಿದಳು. ಮುಗಿದಾಗ ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಅದು ನಿಲ್ಲುವುದನ್ನು ಕಾಯದೆ ಅಮ್ಮ ಜನರ ನಡುವೆ ದಾರಿ ಮಾಡಿಕೊಂಡು ವೇದಿಕೆಯ ಹತ್ತಿರ ಬಂದಳು. ಕಣ್ಣು ಒದ್ದೆಯಾಗಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಎರಡನೇ ಸಾಲಲ್ಲಿ ಅವಸರ ಮಾಡಿದೆ," ಎಂದಳು ಮಗಳಿಗೆ.

ಅಮ್ಮ ಯಾರದಾದರೂ ಹಾಡಿನಲ್ಲಿ ತಪ್ಪು ಎತ್ತಿ ತೋರಿಸಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅಣ್ಣ ತಂಗಿ ಮುಖ ಮುಖ ನೋಡಿಕೊಂಡರು.

"ನಾಳೆ ಬಾ, ತಿದ್ದಿ ಕೊಡ್ತೀನಿ," ಎಂದು ಹೇಳಿ ಅಮ್ಮ ಮಗಳ ಹತ್ತಿರಕ್ಕೆ ಬಾಗಿ ದನಿ ಇಳಿಸಿದಳು. "ನೀನು ಹೊಟ್ಟೇಲಿದ್ದಾಗ ಮಾಡಿದ್ದೂ ಒಂದಿದೆ. ಇನ್ನೂ ಯಾರೂ ಕೇಳಿಲ್ಲ."