ಬಿದ್ದವರನ್ನು ಎತ್ತುವ ನಿಯಮ

ಇಂಡೋನೇಷ್ಯಾದ ಬಾಂಡುಂಗ್ ನಗರದ ಮೈದಾನದಲ್ಲಿ ಅಬ್ಬರದ ಮೆಟಲ್ ರಾಕ್ ಹಾಡು ಶುರುವಾದರೆ, ಸಂಜೆ ಬಿಸಿಲಿನ ಧೂಳಿನಲ್ಲಿ ನಮ್ಮವರೆಲ್ಲ ಒಬ್ಬರಿಗೊಬ್ಬರು ಢಿಕ್ಕಿ ಹೊಡೆಯುತ್ತ ಕುಣಿಯುತ್ತಾರೆ. ಯಾರಾದರೂ ಬಿದ್ದರೆ ಸುತ್ತಲಿನವರು ತಕ್ಷಣ ಎತ್ತಬೇಕು. ಅದೊಂದೇ ನಮ್ಮ ನಿಯಮ. ಮನಸ್ಸು ಭಾರವಾದವರ ಜೊತೆ ಕೂತು ಮಾತಾಡಲು ಬದಿಯಲ್ಲಿ ಚಾಪೆ ಹಾಸಿಕೊಂಡಿರುವ ಸ್ವಯಂಸೇವಕಿ ನಾನು.

ಆ ದಿನ ತೆತೆನ್ ಎಂಬವನು ಪ್ರತಿ ಹಾಡಿಗೂ ಬೀಳುತ್ತಿದ್ದ. ಹತ್ತಾರು ಕೈಗಳು ಎತ್ತುವಾಗ ಕಣ್ಣು ಮುಚ್ಚಿ, ಹೊಂಬಣ್ಣದ ಧೂಳಿನಲ್ಲಿ ತೇಲುವವನ ಹಾಗೆ ನಗುತ್ತಿದ್ದ. ಐದನೇ ಸಲ ನನಗೆ ರೇಗಿತು. ತೋಳು ಹಿಡಿದು ಚಾಪೆಗೆ ಎಳೆತಂದೆ.

“ಕಾಲಲ್ಲಿ ಬಲ ಇಲ್ವೇನೋ?”

“ಇದೆ ಅಕ್ಕ. ಬೇಕಂತಲೇ ಬೀಳ್ತೀನಿ.”

“ತಲೆ ಕೆಟ್ಟಿದೆಯಾ ನಿಂಗೆ?” ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡೆ.

“ಅಮ್ಮ ಹೋದ್ಮೇಲೆ ನನ್ನ ಯಾರೂ ಮುಟ್ಟೇ ಇಲ್ಲಕ್ಕ.”

ಹಿಡಿದ ತೋಳು ಬಿಡದೆ ಚಾಪೆಯಿಂದ ಎದ್ದೆ. ಮುಂದಿನ ಹಾಡಿಗೆ ಅವನ ಜೊತೆ ನಾನೂ ಗುಂಪಿಗೆ ನುಗ್ಗಿದೆ. ಅವನು ಬೀಳುವ ಮೊದಲೇ ನಾನು ಬಿದ್ದೆ. ನೆಲದಿಂದ ಕೇಳಿದರೆ ಗಿಟಾರಿನ ಗುಡುಗು ದೂರದ ಸಮುದ್ರದ ಹಾಗಿತ್ತು. ಎಲ್ಲರಿಗಿಂತ ಮೊದಲು ನನ್ನ ಕೈ ಹಿಡಿದವನು ತೆತೆನ್.

“ಏಳಕ್ಕ! ಅಬ್ಬಾ, ಏನ್ ಭಾರ ಇದ್ದೀಯ!”

ನಾನು ಬೇಕಂತಲೇ ಸ್ವಲ್ಪ ಹೊತ್ತು ಏಳಲಿಲ್ಲ.